ರುಚಿ ಗೊತ್ತಿಲ್ಲದ ನೀರು

ಹನ್ನೊಂದು ವರ್ಷ ಬಾಟಲಿ ತೊಳೆದು, ನೀರು ಅಳೆದು, ಬೇರೆಯವರ ಸಹಿಗೆ ರಿಪೋರ್ಟು ಬರೆದುಕೊಟ್ಟ ಮೇಲೆ ನನಗೆ ಸಹಿ ಹಾಕುವ ಅಧಿಕಾರ ಸಿಕ್ಕಿತು. ಹೊನ್ನಾಳಿಯ ನಮ್ಮ ಲ್ಯಾಬಿನಲ್ಲಿ ಪ್ರತಿ ರಿಪೋರ್ಟಿನ ಕೊನೆಗೆ ಎರಡು ಗೆರೆ ಇರುತ್ತವೆ. ಎಡಗಡೆಯದು ಪರೀಕ್ಷೆ ಮಾಡಿದವರಿಗೆ, ಬಲಗಡೆಯದು ಅಧಿಕೃತ ಸಹಿಗೆ. ಎಡಗಡೆ ನಾನು ಎಷ್ಟು ಸಾವಿರ ಸಲ ಗೀಚಿದ್ದೇನೋ ದೇವರಾಣೆ ನೆನಪಿಲ್ಲ. ಬೆಲೆ ಇರುವುದು ಬಲಗಡೆಯದಕ್ಕೆ. ಅಲ್ಲಿ ನಾನು ಹಾಕಿದ ಮೊಟ್ಟಮೊದಲ ಸಹಿಯನ್ನು ನಾನೇ ಹೋಗಿ ಒಬ್ಬರ ಮನೆ ಗೋಡೆಯಿಂದ ಇಳಿಸಿಕೊಂಡು ಬರಬೇಕಾಯಿತು. ಕೇಳಿದವರು ಈಗ ನಗುತ್ತಾರೆ. ನಗಲಿ. ಆವತ್ತು ನನಗೆ ನಗು ಬಂದಿರಲಿಲ್ಲ.

ನಮ್ಮದು ದೊಡ್ಡ ಲ್ಯಾಬೇನಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ಗೊಬ್ಬರದ ಅಂಗಡಿಯ ಮೇಲಿನ ಮಹಡಿ. ಬೋರ್‌ವೆಲ್ ನೀರು, ಕ್ಯಾನ್ ನೀರಿನ ಘಟಕದವರ ನೀರು, ತೋಟದ ಮಣ್ಣು, ಇವೇ ನಮ್ಮ ಗಿರಾಕಿಗಳು. ಮಾಲೀಕರು ರಘುನಾಥ ಸರ್, ನ್ಯಾಮತಿಯವರು. ಮನುಷ್ಯ ಒಳ್ಳೆಯವರು, ಆದರೆ ಯಾವ ಕೆಲಸಕ್ಕೂ ಇಲ್ಲ ಎನ್ನಲು ಅವರಿಗೆ ಬಾಯಿ ಬರುವುದಿಲ್ಲ. ಹಾಗಾಗಿಯೇ ಶಾಂಪೂ ನಮ್ಮ ಮೇಜಿಗೆ ಬಂತು.

ತಂದವರು ಕೆರೆಬಿಳಚಿಯ ಶಂಕ್ರಮ್ಮ. ಐವತ್ತೆಂಟು ಅರವತ್ತರ ಹೆಂಗಸು, ಹಣೆ ತುಂಬ ವಿಭೂತಿ, ಮಾತು ಸೊಂಟದ ಮೇಲೆ ಕೈಯಿಟ್ಟುಕೊಂಡೇ. ಹದಿನಾಲ್ಕು ಹೆಂಗಸರ ಸಂಘ ಕಟ್ಟಿಕೊಂಡು ಸೀಗೆಕಾಯಿ, ಅಂಟುವಾಳ, ಅದರ ಜೊತೆಗೆ ಅಡಿಕೆ ಚೊಗರು ಸೇರಿಸಿ ಶಾಂಪೂ ಮಾಡುತ್ತಿದ್ದರು. ಚೊಗರು ಎಂದರೆ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿದಾಗ ಉಳಿಯುವ ಕೆಂಪು ರಸ. ಕೂದಲಿಗೆ ಕಪ್ಪು ಹೊಳಪು ಬರುವುದು ಅದರಿಂದಲೇ ಎಂದು ಶಂಕ್ರಮ್ಮನವರ ನಂಬಿಕೆ. ಅವರ ಕೂದಲು ನೋಡಿದರೆ ಅಲ್ಲ ಎನ್ನಲು ನನಗೂ ಧೈರ್ಯವಿರಲಿಲ್ಲ.

ಬೆಂಗಳೂರಿನಲ್ಲಿ ಹತ್ತಾರು ಅಂಗಡಿ ಇರುವ ಒಂದು ಕಂಪನಿ ಈ ಶಾಂಪೂ ತೆಗೆದುಕೊಳ್ಳಲು ಒಪ್ಪಿತ್ತು. ಒಂದೇ ಷರತ್ತು. ತಲೆ ತೊಳೆದ ನೀರು ಹಳ್ಳಕ್ಕೋ ಕೆರೆಗೋ ಸೇರಿದ ಮೇಲೆ ಒಂದು ತಿಂಗಳೊಳಗೆ ಅದು ಅರಗಿ ಹೋಗಬೇಕು, ಹಾಗೆಂದು ಲ್ಯಾಬಿನ ಕಾಗದ ಬೇಕು. ಕಾಗದ ಇದ್ದರೆ ಬಾಟಲಿಯ ಮೇಲೆ ಹಸಿರೆಲೆಯ ಗುರುತು.

"ಸೀಗೆಕಾಯಿ ಅರಗಲ್ಲ ಅಂತ ಯಾವನಾದ್ರೂ ಹೇಳ್ತಾನೇನ್ರಿ?" ಎಂದು ಶಂಕ್ರಮ್ಮ ಅಂದೇ ಜಗಳಕ್ಕೆ ನಿಂತರು. "ನಮ್ಮಜ್ಜಿ ಕಾಲದಿಂದ ಹಚ್ಕಂತಿದೀವಿ. ಕೆರೆ ಏನಾದ್ರೂ ಸತ್ತೋಗೈತಾ?"

"ಅಜ್ಜಿ ಹೇಳಿದ್ದನ್ನ ಅವರು ಒಪ್ಪಲ್ರಿ, ಬಾಟ್ಲಿ ಹೇಳಿದ್ದನ್ನ ಒಪ್ತಾರೆ" ಎಂದೆ.

ಬಾಟಲಿ ಹೇಳುವುದು ಹೀಗೆ. ಶುದ್ಧ ನೀರಿಗೆ ಶಾಂಪೂವಿನ ಕೆಲವು ಹನಿ ಹಾಕುತ್ತೇವೆ. ಅದಕ್ಕೆ ಹೊಳೆಯದೋ ಚರಂಡಿಯದೋ ಒಂದಿಷ್ಟು ನೀರು ಬೆರೆಸುತ್ತೇವೆ. ಗಾಳಿಯಾಡದಂತೆ ಬಿರಡೆ ಹಾಕಿ ಇಪ್ಪತ್ತೆಂಟು ದಿನ ಕತ್ತಲೆಯ ಪೆಟ್ಟಿಗೆಯಲ್ಲಿ ಇಡುತ್ತೇವೆ. ಬೆರೆಸಿದ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿರುತ್ತವೆ. ಅವು ಶಾಂಪೂ ತಿಂದರೆ ಬಾಟಲಿಯೊಳಗಿನ ಆಮ್ಲಜನಕ ಕಡಿಮೆಯಾಗುತ್ತದೆ. ಎಷ್ಟು ಕಡಿಮೆಯಾಯಿತು ಎಂದು ಅಳೆದರೆ ಶಾಂಪೂ ಎಷ್ಟು ಅರಗಿತು ಎಂದು ತಿಳಿಯುತ್ತದೆ. ನೂರಕ್ಕೆ ಅರವತ್ತು ಅರಗಿದರೆ ಪಾಸು, ಇಲ್ಲದಿದ್ದರೆ ಇಲ್ಲ.

ಇದರಲ್ಲಿ ಒಂದು ನಿಯಮವಿದೆ, ನನಗೆ ಬಾಯಿಪಾಠ ಬರುವ ನಿಯಮ. ಬೆರೆಸುವ ನೀರಿಗೆ ಪರೀಕ್ಷೆಯ ವಸ್ತುವಿನ ರುಚಿ ಮೊದಲೇ ಗೊತ್ತಿರಬಾರದು. ದಿನಾ ತಿಂದು ಅಭ್ಯಾಸವಾದ ಜೀವಿಗಳು ಅದನ್ನು ಗಬಗಬ ತಿಂದುಬಿಡುತ್ತವೆ, ಬೇರೆ ಕಡೆಯವು ಮೂಸಿಯೂ ನೋಡದೆ ಹೋಗಬಹುದು. ನಿಯಮ ಗೊತ್ತಿತ್ತು. ಗೊತ್ತಿದ್ದೇ ಎಡವಿದೆ.

ಸಾಮಾನ್ಯವಾಗಿ ನಾವು ಹೊನ್ನಾಳಿಯ ಹೊಳೆಯಿಂದಲೇ ನೀರು ತರುತ್ತೇವೆ. ಆ ಸೆಪ್ಟೆಂಬರಿನಲ್ಲಿ ಮೇಲಿನ ಡ್ಯಾಮುಗಳ ಗೇಟು ತೆಗೆದು ತುಂಗಭದ್ರೆ ದಡ ಮೀರಿ ಹರಿಯುತ್ತಿತ್ತು, ನೀರೆಲ್ಲ ರಾಡಿ. ಅದೇ ವಾರ ಶಂಕ್ರಮ್ಮನವರ ಶಾಂಪೂ ಮಾಡುವ ಜಾಗ ನೋಡಲು ಕೆರೆಬಿಳಚಿಗೆ ಹೋಗಿದ್ದೆ. ರೊಟ್ಟಿ, ಎಣ್ಣೆಗಾಯಿ, ಅನ್ನ, ಮಜ್ಜಿಗೆ ಎಂದು ಏಳಲಾಗದಂತೆ ಉಣ್ಣಿಸಿದರು. ಎಲ್ಲಿಂದ ನೀರು ತರುವುದೋ ಎಂದು ನಾನು ಬಾಯಿಬಿಟ್ಟಿದ್ದೇ ತಪ್ಪಾಯಿತು.

"ನಮ್ಮ ಕೆರೆ ಇಲ್ಲೇ ಐತಲ್ಲ. ಯಾಕೆ ಊರೂರು ಅಲೀತೀರಿ? ತುಂಬ್ಕಳ್ರಿ" ಎಂದರು.

ಊರ ಚರಂಡಿ ಕೆರೆಗೆ ಸೇರುವ ಕಡೆಗೆ ಹೋದೆ. ಮನೆಗಳ ಬಚ್ಚಲು ನೀರೂ ಇದೆ, ಕೆರೆ ನೀರೂ ಇದೆ, ನಮಗೆ ಬೇಕಾದದ್ದೇ ಎನ್ನಿಸಿತು. ನೀರು ಸ್ವಲ್ಪ ಕೆಂಪಗಿತ್ತು. ನಾನು ಜಗಳೂರು ತಾಲೂಕಿನ ಬಿಳಿಚೋಡಿನವಳು. ನಮ್ಮ ಕಡೆ ಮಳೆ ಬರುವುದೇ ಅಪರೂಪ, ಬಂದರೆ ಹಳ್ಳದಲ್ಲಿ ಹರಿಯುವುದೆಲ್ಲ ಕೆಮ್ಮಣ್ಣಿನ ನೀರೇ. ನೀರು ಕೆಂಪಗಿದ್ದರೆ ಅದು ಮಣ್ಣು ಎಂದು ನನ್ನ ಕಣ್ಣಿಗೆ ಹುಟ್ಟಿನಿಂದ ಪಾಠವಾಗಿದೆ. ಎರಡು ಲೀಟರಿನ ಕ್ಯಾನು ತುಂಬಿಕೊಂಡು ಬಸ್ಸು ಹತ್ತಿದೆ.

ಇಪ್ಪತ್ತೆಂಟನೇ ದಿನ ಬಾಟಲಿ ತೆಗೆದು ಅಳೆದೆ. ನೂರಕ್ಕೆ ಎಪ್ಪತ್ತನಾಲ್ಕು. ನನಗೇ ನಂಬಿಕೆಯಾಗದೆ ಇನ್ನೆರಡು ಬಾಟಲಿ ಅಳೆದೆ. ಎಪ್ಪತ್ತಮೂರು, ಎಪ್ಪತ್ತೈದು. ಅದೇ ವಾರ ನನ್ನ ಅಧಿಕಾರದ ಪತ್ರ ಕೈಗೆ ಬಂದಿತ್ತು, ರಘುನಾಥ ಸರ್ ಮಗಳ ಮದುವೆ ಓಡಾಟದಲ್ಲಿದ್ದರು. "ನೀನೇ ಸೈನ್ ಮಾಡಿ ಕಳಿಸಮ್ಮ" ಎಂದು ಫೋನಿನಲ್ಲೇ ಹೇಳಿದರು. ಹೊಸ ಪೆನ್ನು ತಂದು ಬಲಗಡೆಯ ಗೆರೆಯ ಮೇಲೆ ನಿಧಾನವಾಗಿ ಬರೆದೆ, ಬಿ.ಎಚ್. ಯಶೋಧರಾ. ಅಪ್ಪ ತಾನು ಬೌದ್ಧ ದೀಕ್ಷೆ ತೆಗೆದುಕೊಂಡ ವರ್ಷ ಹುಟ್ಟಿದ ಮಗಳಿಗೆ ಆರಿಸಿ ಇಟ್ಟ ಹೆಸರು. ಅಪ್ಪ ಇದ್ದಿದ್ದರೆ ಆ ಹಾಳೆಯನ್ನು ಬಿಳಿಚೋಡಿನ ಎಲ್ಲ ಮನೆಗೂ ತೋರಿಸಿ ಬರುತ್ತಿದ್ದರು. ಖುಷಿಗೆ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ.

ಶಂಕ್ರಮ್ಮ ರಿಪೋರ್ಟು ಒಯ್ಯಲು ಬಂದಾಗ ಪೇಡ ತಂದಿದ್ದರು. ಹೋಗುವಾಗ ಶಾಂಪೂವಿನ ಎರಡು ದೊಡ್ಡ ಬಾಟಲಿ ನನ್ನ ಚೀಲಕ್ಕೆ ತುರುಕಿದರು. "ನಿಮ್ಮವ್ವಾರಿಗೆ ಕೊಡ್ರಿ. ಮಗಳು ಪಾಸು ಮಾಡಿದ್ದು ಅಂತ ಹೇಳ್ರಿ" ಎಂದರು. ನಾನೂ ನವೆಂಬರಿನಲ್ಲಿ ಊರಿಗೆ ಹೋದಾಗ ಹಾಗೆಯೇ ಹೇಳಿ ಅವ್ವನಿಗೆ ಕೊಟ್ಟೆ.

ನನ್ನವ್ವ ಹೊನ್ನೂರಮ್ಮ. ಏಳು ಮೇಕೆ ಸಾಕಿದ್ದಾಳೆ. ಮನೆ ಹಿಂದೆ ಬಚ್ಚಲ ನೀರು ನಿಲ್ಲಲೆಂದು ಜೇಡಿಮಣ್ಣು ಮೆತ್ತಿದ ಒಂದು ಗುಂಡಿ ಇದೆ. ಬೇಸಿಗೆ ಬಂದರೆ ಮೇಕೆಗಳು ಅದನ್ನೇ ಕುಡಿಯುತ್ತವೆ. ಸೋಪಿನ ನೀರೂ ಎರಡು ಮೂರು ದಿನಕ್ಕೆ ತಿಳಿಯಾಗುತ್ತದೆ ಎಂದು ಅವ್ವನ ಅನುಭವ.

ಡಿಸೆಂಬರ್ ಕೊನೆಗೆ ಮತ್ತೆ ಊರಿಗೆ ಹೋದಾಗ ಚೀಲ ಇಳಿಸಲೂ ಬಿಡದೆ ಅವ್ವ ಶುರು ಮಾಡಿದಳು.

"ಬಾ ಇಲ್ಲಿ. ನಿನ್ ಪಾಸಾದ ಶಾಂಪೂ ತೋರಿಸ್ತೀನಿ."

ಕೈ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು. ಗುಂಡಿಯ ತುಂಬ ಕೆಂಪು ನೀರು.

"ನಾನು, ನಿಮ್ಮತ್ತಿಗೆ, ಆ ಮನೆಯೋರು ಈ ಮನೆಯೋರು, ಆರು ಜನ ಒಂದೇ ದಿನ ತಲೆ ತೊಳಕಂಡ್ವಿ. ನಲವತ್ತು ದಿನ ಆತು. ನೀರು ಹಂಗೇ ಐತೆ ನೋಡು. ಒಂದು ಕಪ್ಪೆ ಇಲ್ಲ, ಒಂದು ಸೊಳ್ಳೆ ಹುಳ ಇಲ್ಲ. ಮೇಕೆ ಮೂತಿನೂ ಇಡಲ್ಲ."

"ಕೆಮ್ಮಣ್ಣು ಕದಡೈತೆ ಕಣವ್ವ. ನಾನು ಮಿಷನ್‌ನಾಗೆ ನೋಡೀನಿ. ಒಂದು ತಿಂಗಳಿಗೆ ಮುಕ್ಕಾಲು ಭಾಗ ಅರಗ್ತೈತೆ" ಎಂದೆ. ಹನ್ನೊಂದು ವರ್ಷದ ಅನುಭವದವಳಿಗೆ ಮೇಕೆ ಮೇಯಿಸುವವಳು ಪಾಠ ಹೇಳುವುದೇ ಎಂದು ಒಳಗೊಳಗೇ ಉರಿಯಿತು. ಹೆತ್ತವಳ ಮೇಲೆ ಹಾಗೆ ಉರಿದದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ಅವ್ವ ಜಗಳವಾಡಲಿಲ್ಲ. ಒಂದು ಗಾಜಿನ ಲೋಟ ತಂದು ಗುಂಡಿಯ ನೀರು ಮೊಗೆದು ಕಟ್ಟೆಯ ಮೇಲಿಟ್ಟಳು. "ಮಣ್ಣಾದ್ರೆ ತಳಕ್ಕೆ ಕುಂದರ್ತೈತೆ. ಚಾ ಕುಡಿಯಾಕೆ ಬಾ. ಆಮೇಲೆ ನೋಡುವಂತೆ" ಎಂದಳು.

ಚಹಾ ಕುಡಿದೆವು, ಊಟ ಮಾಡಿದೆವು. ಸಂಜೆ ಲೋಟ ನೋಡಿದರೆ ತಳದಲ್ಲಿ ಚಿಟಿಕೆ ಮಣ್ಣು. ಮೇಲಿನ ನೀರು ಹಾಲು ಹಾಕದ ಚಹಾದ ಹಾಗೆ ತಿಳಿಯಾಗಿ, ಕೆಂಪಗೆ, ಹಾಗೆಯೇ ನಿಂತಿತ್ತು. ಕೆರೆಬಿಳಚಿಯಿಂದ ತಂದ ಕ್ಯಾನು ನೆನಪಾಯಿತು. ಅದರಲ್ಲಿ ಉಳಿದ ನೀರು ಇನ್ನೂ ಲ್ಯಾಬಿನ ಫ್ರಿಜ್ಜಿನಲ್ಲಿತ್ತು.

ಮರುದಿನ ಮೊದಲ ಬಸ್ಸಿಗೇ ಹೊರಟು ಲ್ಯಾಬಿಗೆ ಬಂದವಳು ಫ್ರಿಜ್ಜು ತೆಗೆದೆ. ಮೂರು ತಿಂಗಳು ಅಲುಗಾಡದೆ ನಿಂತ ಕ್ಯಾನು. ತಳದಲ್ಲಿ ತೆಳ್ಳಗೆ ಕೆಸರು. ಮೇಲಿನ ನೀರು ಕೆಂಪಗೇ ಇತ್ತು.

ರಘುನಾಥ ಸರ್ ಒಂದು ಹನಿ ಬೆರಳಿಗೆ ಹಚ್ಚಿಕೊಂಡು ಮೂಸಿ, ಜೋರಾಗಿ ನಕ್ಕುಬಿಟ್ಟರು. "ಇದು ಚೊಗರು ಕಣಮ್ಮ! ಸೆಪ್ಟೆಂಬರ್‌ನಲ್ಲಿ ಕೆರೆಬಿಳಚಿಲಿ ಮನೆಮನೆಲೂ ಅಡಿಕೆ ಬೇಯಿಸ್ತಾರೆ. ಮಿಕ್ಕಿದ ಚೊಗರು ಚರಂಡಿಗೆ ಬಿಡ್ತಾರೆ. ಸೀಸನ್ನಲ್ಲಿ ಚರಂಡಿ ಕೆಂಪಗಿದ್ರೆ ಅದನ್ನ ಮಣ್ಣು ಅಂದ್ಕೊಳ್ಳೋಳು ಇಡೀ ಚನ್ನಗಿರಿ ತಾಲೂಕಲ್ಲಿ ನೀನೊಬ್ಬಳೇ ಇರ್ಬೇಕು."

ಹೊನ್ನಾಳಿಗೆ ಬಂದು ಹನ್ನೊಂದು ವರ್ಷವಾಗಿದೆ. ಅಡಿಕೆ ಒಣಹಾಕಿದ್ದನ್ನು ದಿನಾ ನೋಡುತ್ತೇನೆ. ಬೇಯಿಸಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಒಂದು ದಿನವೂ ಕೇಳಿದವಳಲ್ಲ. ಆ ಕೆರೆಯ ಜೀವಿಗಳು ಎಷ್ಟೋ ವರ್ಷದಿಂದ ಚೊಗರು ತಿಂದೇ ಬೆಳೆದಿದ್ದವು. ಅವುಗಳ ಮುಂದೆ ಚೊಗರಿನ ಶಾಂಪೂ ಇಟ್ಟು, ತಿಂದವು ತಿಂದವು ಎಂದು ನಾನು ಸಹಿ ಹಾಕಿ ಕೊಟ್ಟಿದ್ದೆ.

"ಸರ್, ರಿಪೋರ್ಟು ವಾಪಸ್ ತಗೋಬೇಕು" ಎಂದೆ.

ಅವರ ನಗು ನಿಂತಿತು. "ಈಗ್ಯಾಕೆ ಕೆದಕ್ತೀಯ? ರಿಪೋರ್ಟಲ್ಲಿ ಕೆರೆಬಿಳಚಿ ಕೆರೆ ನೀರು ಅಂತಾನೇ ಬರ್ದಿದೀಯ. ಸುಳ್ಳೇನೂ ಬರ್ದಿಲ್ವಲ್ಲ."

"ಓದೋರಿಗೆ ಅದು ಯಾವ ಕೆರೆ ಅಂತ ಏನ್ ಗೊತ್ತು ಸರ್? ಎಲ್ಲಾ ಕಡೆ ಅರಗುತ್ತೆ ಅಂದ್ಕೊತಾರೆ."

"ನೋಡಮ್ಮ, ನಿಯಮ ನಾನು ಮಾಡಿದ್ದಲ್ಲ. ಸಹಿ ಹಾಕಿದ ರಿಪೋರ್ಟು ವಾಪಸ್ ಬಂದ್ರೆ ಸಹಿ ಹಾಕಿದೋರ ಅಧಿಕಾರ ನಿಲ್ಲಿಸ್ಬೇಕು. ಮತ್ತೆ ಕೊಡೋಕೆ ಎಷ್ಟು ತಿಂಗಳೋ. ಹನ್ನೊಂದು ವರ್ಷ ಕಾದಿದೀಯ. ಯೋಚನೆ ಮಾಡು."

ಯೋಚನೆ ಮಾಡಿದೆ. ಸುಳ್ಳು ಹೇಳುವುದಿಲ್ಲ, ಎರಡು ದಿನ ಸುಮ್ಮನಿದ್ದುಬಿಡೋಣ ಎಂದೇ ಅನ್ನಿಸಿತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೂರನೇ ದಿನ ಬೇರೆ ಯಾವುದೋ ಬೋರ್‌ವೆಲ್ ರಿಪೋರ್ಟಿಗೆ ಬಲಗಡೆ ಸಹಿ ಹಾಕಲು ಕೂತೆ, ಕೈ ಏಳಲಿಲ್ಲ. ಮೊದಲನೆಯದು ಸುಳ್ಳೆಂದು ಗೊತ್ತಿದ್ದೂ ಎರಡನೆಯದನ್ನು ಯಾವ ಮುಖ ಇಟ್ಟುಕೊಂಡು ಹಾಕುವುದು? ಪೆನ್ನು ಮುಚ್ಚಿಟ್ಟು ಹೊಸದಾಗಿ ಬಾಟಲಿ ತೊಳೆಯಲು ಎದ್ದೆ.

ಈ ಸಲ ಎರಡು ನೀರು ತಂದೆ. ಒಂದು, ತಿಳಿಯಾದ ಹೊಳೆಯದು. ಇನ್ನೊಂದು ಬಿಳಿಚೋಡಿನದು. ಅವ್ವ ತನ್ನ ಗುಂಡಿಯದನ್ನೇ ತುಂಬಿಕೊಡಲು ಬಂದಳು.

"ಬ್ಯಾಡವ್ವ. ನಿನ್ ಗುಂಡಿಗೆ ಈಗಾಗಲೇ ಶಾಂಪೂ ರುಚಿ ಗೊತ್ತಾಗೈತೆ. ಅದೇ ತಪ್ಪು ಎರಡು ಸಲ ಮಾಡಾಕೆ ಆಗಲ್ಲ. ರುಚಿ ಗೊತ್ತಿಲ್ಲದ ನೀರು ಬೇಕು" ಎಂದೆ.

ಎರಡು ಬೀದಿ ಆಚೆ ಕೆಂಪಕ್ಕನ ಮನೆ. ನಮ್ಮ ಶಾಂಪೂ ಆ ಮನೆಗೆ ಹೋಗಿರಲಿಲ್ಲ. ಅವಳ ಬಚ್ಚಲ ಗುಂಡಿಯ ನೀರು ಕ್ಯಾನಿಗೆ ತುಂಬುವಾಗ ಕೆಂಪಕ್ಕ ಬಾಗಿಲಲ್ಲಿ ನಿಂತು ಬೆರಗಾಗಿ ನೋಡಿದಳು. "ಅಯ್ಯೋ ನಮ್ಮವ್ವ, ಇದನ್ನೇನು ಮಾಡಾಕೆ ಒಯ್ತೀಯ? ಓದಿಸಿದ್ದಕ್ಕೆ ಹೊನ್ನೂರಮ್ಮನ ಮಗಳು ಊರ ಬಚ್ಚಲ ನೀರು ಹೊರಾಕೆ ನಿಂತಳಲ್ಲ!" ಎಂದಳು. ಬಸ್ಸಿನಲ್ಲಿ ಕಂಡಕ್ಟರ್ ಮೂಗು ಮುಚ್ಚಿಕೊಂಡ. ನಾನು ಕ್ಯಾನನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ.

ಜನವರಿ ಕೊನೆಗೆ ಫಲಿತಾಂಶ ಬಂತು. ಹೊನ್ನಾಳಿ ಹೊಳೆ ನೀರಿನಲ್ಲಿ ನೂರಕ್ಕೆ ಮೂವತ್ತೊಂದು. ಕೆಂಪಕ್ಕನ ಗುಂಡಿ ನೀರಿನಲ್ಲಿ ಒಂಬತ್ತು.

ಒಂಬತ್ತು ಎಂದರೆ ಆ ಜೀವಿಗಳು ನೆಕ್ಕಿ ಬಿಟ್ಟಿದ್ದವು, ಅಷ್ಟೇ. ಮರುದಿನವೇ ಕೆರೆಬಿಳಚಿಗೆ ಹೋದೆ. ಫೋನಿನಲ್ಲಿ ಹೇಳಬಹುದಿತ್ತು. ಮನಸ್ಸು ಒಪ್ಪಲಿಲ್ಲ.

ಶಂಕ್ರಮ್ಮನವರ ಪಡಸಾಲೆಗೆ ಕಾಲಿಟ್ಟರೆ ಎದುರಿಗೇ ನನ್ನ ರಿಪೋರ್ಟು. ಪ್ಲಾಸ್ಟಿಕ್ ಹಾಕಿಸಿ, ಚೌಕಟ್ಟು ಹಾಕಿಸಿ, ಬಸವಣ್ಣನ ಫೋಟೋದ ಪಕ್ಕ ಮೊಳೆ ಹೊಡೆದು ತೂಗುಹಾಕಿದ್ದರು. ಮೇಲೊಂದು ಚೆಂಡು ಹೂವು. ಕೆಳಗೆ ಬಲಗಡೆ ನನ್ನ ಸಹಿಯ ಪಕ್ಕ ಕುಂಕುಮದ ಬೊಟ್ಟು. ನನಗೆ ಅಲ್ಲಿಂದಲೇ ಓಡಿಹೋಗೋಣ ಎನ್ನಿಸಿತು.

"ಬರ್ರಿ ಬರ್ರಿ! ಕಂಪನಿಯೋರು ಫೋನ್ ಮಾಡಿದ್ರು. ಮುಂದಿನ ತಿಂಗಳಿಂದ ಮಾಲು ಕಳಿಸಿ ಅಂದಾರೆ" ಎಂದು ಶಂಕ್ರಮ್ಮ ಮಣೆ ಹಾಕಿದರು.

ನಾನು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ. ಚರಂಡಿ, ಕೆಂಪು ನೀರು, ಮಣ್ಣೆಂದುಕೊಂಡದ್ದು, ಅವ್ವನ ಗುಂಡಿ, ಮೂವತ್ತೊಂದು, ಒಂಬತ್ತು. ಹೇಳುತ್ತಾ ಹೋದಂತೆ ಅವರ ಮುಖ ಬಿಗಿಯಿತು.

"ಅಂದ್ರೆ ನಾವು ವಿಷ ಮಾಡ್ತಿದೀವಿ ಅಂತೀರಾ?"

"ವಿಷ ಅಲ್ರಿ. ಅಭ್ಯಾಸ ಇಲ್ಲದ ನೀರಿಗೆ ಅರಗಲ್ಲ, ಅಷ್ಟೇ. ತಪ್ಪು ನಂದು. ನಾನು ಬೇರೆ ನೀರು ತಗೋಬೇಕಿತ್ತು."

"ತಪ್ಪು ನಿಂದು, ಹೊಡೆತ ನಮಗೆ!" ಎಂದು ಅವರು ಸಿಡಿದರು. ಬಹುವಚನ ಆ ಗಳಿಗೆಗೆ ಹೋದದ್ದು ಮತ್ತೆ ಬರಲಿಲ್ಲ. "ಹದಿನಾಲ್ಕು ಹೆಣ್ಮಕ್ಕಳಿಗೆ ನಾನು ಏನು ಹೇಳ್ಲಿ? ಅವತ್ತು ಸೈನು ಹಾಕ್ತೀಯ, ಇವತ್ತು ಅಳಿಸ್ತೀಯ. ನಿಂದೇನು ಸೈನಾ, ಹುಡುಗಾಟನಾ? ಸುಮ್ನೆ ಇದ್ದಿದ್ರೆ ನಿನ್ ಗಂಟೇನು ಹೋಗ್ತಿತ್ತು?"

"ಸುಮ್ನಿರಾಕೆ ಆಗಲಿಲ್ಲ ಶಂಕ್ರಮ್ಮಾರೆ. ನನಗೂ ಸೈನು ಮಾಡೋ ಅಧಿಕಾರ ಹೋಗ್ತೈತೆ, ಇದನ್ನ ವಾಪಸ್ ತಗಂಡ್ರೆ. ಆದ್ರೂ ಆಗಲಿಲ್ಲ." ಅಳಬಾರದು ಎಂದು ಹಲ್ಲು ಕಚ್ಚಿ ನಿಂತೆ.

ಶಂಕ್ರಮ್ಮ ಸೊಂಟದಿಂದ ಕೈ ತೆಗೆದರು. ಒಳಗೆ ಹೋದರು, ಬಂದರು. ಕೊನೆಗೆ, "ನಿಮ್ಮವ್ವನ ಮೇಕೆ ನಿಜವಾಗ್ಲೂ ಕುಡೀಲಿಲ್ವಾ?" ಎಂದು ಕೇಳಿದರು.

"ಮೂತಿನೂ ಇಡಲಿಲ್ಲ."

"ಥೂ" ಎಂದು ಉಸಿರು ಬಿಟ್ಟರು. "ಮೇಕೆ ಕುಡೀದಂಥ ನೀರು ಮಾಡಿ, ಹಸಿರೆಲೆ ಅಂಟಿಸ್ಕಂಡು ಮಾರೋದಾ? ಇಳಿಸ್ಕಂಡು ಹೋಗು ಅದನ್ನ. ನಾನು ಕೈ ಹಚ್ಚಲ್ಲ."

ಸ್ಟೂಲು ಹತ್ತಿ ಕಟ್ಟು ಇಳಿಸಿದೆ. ಗೋಡೆಯ ಮೇಲೆ ಮೊಳೆಯೊಂದೇ ಉಳಿಯಿತು. ಚೆಂಡು ಹೂವನ್ನು ಬಸವಣ್ಣನ ಫೋಟೋಕ್ಕೆ ಸಿಕ್ಕಿಸಿ ಹೊರಬಿದ್ದೆ. ಬಸ್ಸು ಬರುವವರೆಗೂ ಕಟ್ಟನ್ನು ಮುಖ ಕೆಳಗೆ ಮಾಡಿ ಹಿಡಿದುಕೊಂಡಿದ್ದೆ. ಕಂಪನಿಯವರಿಗೆ ರಘುನಾಥ ಸರ್ ಪತ್ರ ಬರೆದರು, ಅವರು ಮಾಲು ಬೇಡವೆಂದರು. ನನ್ನ ಹೆಸರು ಮತ್ತೆ ಎಡಗಡೆಯ ಗೆರೆಗೆ ಬಂತು.

ಇನ್ನು ಶಂಕ್ರಮ್ಮ ಈ ಕಡೆ ತಲೆಹಾಕುವುದಿಲ್ಲ ಎಂದುಕೊಂಡಿದ್ದೆ. ಹತ್ತನೇ ದಿನಕ್ಕೆ ಲ್ಯಾಬಿನ ಮೆಟ್ಟಿಲ ಮೇಲೆ ಅವರ ಧ್ವನಿ ಕೇಳಿಸಿತು. ಕೈಯಲ್ಲಿ ಎರಡು ಬಾಟಲಿ.

"ಚೊಗರು ಅರ್ಧಕ್ಕೆ ಇಳಿಸೀನಿ. ಒಂದು ನಿನಗೆ, ಒಂದು ನಿಮ್ಮವ್ವಾರಿಗೆ. ಕೆರೆಬಿಳಚಿ ನೀರೂ ಬ್ಯಾಡ, ಹೊಳೆ ನೀರೂ ಬ್ಯಾಡ. ಆ ಕೆಂಪಕ್ಕನ ಗುಂಡಿ ನೀರಾಗೇ ನೋಡು. ಅಲ್ಲಿ ಅರಗಿದ್ರೆ ಎಲ್ಲಾ ಕಡೆ ಅರಗ್ತೈತೆ."

ಸಂಘದ ಹೆಂಗಸರು ಒಪ್ಪಿದರೇ ಎಂದು ಕೇಳಿದೆ. "ನಾಲ್ಕು ಜನ ಬಿಟ್ಟುಹೋದ್ರು. ಹತ್ತು ಜನ ಅದಾರೆ" ಎಂದಷ್ಟೇ ಹೇಳಿ ಕೂತರು.

ಅಲ್ಲಿಂದ ಇದೊಂದು ಪದ್ಧತಿಯೇ ಆಗಿಹೋಯಿತು. ಪ್ರತಿ ಸಲ ಒಂದು ಬಾಟಲಿ ಲ್ಯಾಬಿಗೆ, ಒಂದು ಬಿಳಿಚೋಡಿಗೆ. ನಾನು ಊರಿಗೆ ಹೋದಾಗ ಕೆಂಪಕ್ಕನ ಗುಂಡಿಯಿಂದ ಕ್ಯಾನು ತುಂಬಿ ಅಂದೇ ಹೊನ್ನಾಳಿಗೆ ತಂದು ಬಾಟಲಿಗಳನ್ನು ಪರೀಕ್ಷೆಗೆ ಇಡುವುದು. ಅತ್ತ ಅವ್ವ ಓಣಿಯ ಹೆಂಗಸರ ತಲೆ ತೊಳೆಸಿ, ಆ ನೀರನ್ನು ತನ್ನ ಗುಂಡಿಗೆ ಬಿಟ್ಟು, ಮೇಕೆ ಯಾವಾಗ ಕುಡಿಯುತ್ತವೋ ಎಂದು ಕಾಯುವುದು. ಅರ್ಧ ಚೊಗರಿನದಕ್ಕೆ ಇಪ್ಪತ್ತೆರಡು ಬಂತು. ಕಾಲು ಭಾಗದ್ದಕ್ಕೆ ನಲವತ್ತು. ಈ ನಡುವೆ ಇಬ್ಬರೂ ಮುದುಕಿಯರಿಗೆ ಫೋನಿನಲ್ಲೇ ಸಲುಗೆ ಬೆಳೆದಿತ್ತು. ಒಮ್ಮೆ ಸ್ಪೀಕರಿನಲ್ಲಿ ಅವ್ವ ಹೇಳುವುದು ಕೇಳಿಸಿತು: "ನಿಮ್ಮೂರ ಅಡಿಕೆ ನೀರು ಕುಡಿದು ನಮ್ಮ ಮೇಕೆ ಎಲೆ ಕೇಳಿದ್ರೆ ಏನು ಮಾಡನ ಶಂಕ್ರಮ್ಮಾರೆ?" ಶಂಕ್ರಮ್ಮ, "ಎಲೆ ನಾನೇ ಕಳಿಸ್ತೀನಿ, ಸುಣ್ಣ ನೀವು ಹಚ್ಚಿ ಕೊಡ್ರಿ" ಎಂದು ನಕ್ಕರು.

ಮೂರನೆಯ ಶಾಂಪೂವಿನಲ್ಲಿ ಚೊಗರು ಕಾಲು ಭಾಗದಲ್ಲೂ ಅರ್ಧಕ್ಕೆ ಇಳಿದಿತ್ತು. ಇನ್ನು ಇಳಿಸಿದರೆ ಕೂದಲಿಗೆ ಹೊಳಪೇ ಇರದು ಎಂದು ಶಂಕ್ರಮ್ಮನವರಿಗೆ ಅಳುಕು. ಬೇಸಿಗೆ ಹತ್ತಿತ್ತು. ಬಾಟಲಿ ಪರೀಕ್ಷೆಗೆ ಇಟ್ಟ ಇಪ್ಪತ್ತೇಳನೇ ದಿನ, ನಾನು ಲ್ಯಾಬಿನಲ್ಲಿದ್ದಾಗ ಅವ್ವನ ಫೋನು ಬಂತು.

"ಏ ಯಶೋಧಾ! ಕುಡಿದ್ವು ಕಣೇ! ಏಳೂ ಕುಡಿದ್ವು! ದೊಡ್ಡ ಹೋತ ಎರಡು ಸಲ ಕುಡೀತು!"

ನನಗೂ ಕುಣಿಯುವಂತಾಯಿತು. ಆದರೆ ಮರುದಿನ ಬಾಟಲಿ ತೆಗೆದು ಅಳೆದರೆ ಐವತ್ತೆಂಟು. ಮತ್ತೆರಡು ಬಾಟಲಿಯೂ ಸೇರಿ ಸರಾಸರಿ ಐವತ್ತೆಂಟೇ.

ರಘುನಾಥ ಸರ್ ಹಾಳೆ ನೋಡಿದರು. ಮೇಜಿನ ಖಾನೆಯಿಂದ ಒಂದು ಪತ್ರ ತೆಗೆದು ನನ್ನ ಮುಂದಿಟ್ಟರು. ನನ್ನ ಸಹಿಯ ಅಧಿಕಾರ ಮರಳಿ ಬಂದಿತ್ತು. "ಇದಕ್ಕೆ ನೀನೇ ಹಾಕು" ಎಂದರು. ಆಮೇಲೆ ಕಿಟಕಿಯ ಕಡೆ ನೋಡುತ್ತ, "ಎರಡು ಪರ್ಸೆಂಟು ಅಂದ್ರೆ ಎಷ್ಟು ಮಹಾ? ಮಿಷನ್ನೇ ಅಷ್ಟು ಆಕಡೆ ಈಕಡೆ ಆಗುತ್ತೆ. ಮೇಕೆನೂ ಕುಡಿದಿವೆಯಂತೆ" ಎಂದರು.

ಮೇಕೆ ಕುಡಿದಿದ್ದವು, ನಿಜ. ಆದರೆ ಅವ್ವನ ಗುಂಡಿಗೆ ಆರು ತಿಂಗಳಿಂದ ಚೊಗರಿನ ರುಚಿ ಹತ್ತಿತ್ತು. ಈಗ ಅದೂ ಕೆರೆಬಿಳಚಿಯ ಕೆರೆಯಾಗಿತ್ತು. ರುಚಿ ಗೊತ್ತಿಲ್ಲದ್ದು ಕೆಂಪಕ್ಕನ ಗುಂಡಿ. ಅದು ಹೇಳಿದ್ದು ಐವತ್ತೆಂಟು. ಹೊಸ ಪೆನ್ನು ಹುಡುಕಲಿಲ್ಲ. ಕೈಗೆ ಸಿಕ್ಕಿದ ನೀಲಿ ಪೆನ್ನಿನಲ್ಲಿ ಐವತ್ತೆಂಟು ಎಂದು ಬರೆದು, ಕೆಳಗೆ 'ಅನುತ್ತೀರ್ಣ' ಎಂದು ಬರೆದು, ಬಲಗಡೆಯ ಗೆರೆಯ ಮೇಲೆ ಸಹಿ ಹಾಕಿದೆ. ರಘುನಾಥ ಸರ್ ಸೀಲು ಒತ್ತಿದರು.

ರಿಪೋರ್ಟನ್ನು ನಾನೇ ಕೆರೆಬಿಳಚಿಗೆ ಒಯ್ದೆ. ಶಂಕ್ರಮ್ಮ ಹತ್ತೂ ಹೆಂಗಸರನ್ನು ಕೂರಿಸಿಕೊಂಡು ಕಾಯುತ್ತಿದ್ದರು. ಮೇಕೆ ಕುಡಿದ ಸುದ್ದಿ ಅವ್ವ ಆಗಲೇ ಮುಟ್ಟಿಸಿದ್ದಳು.

"ಎಷ್ಟು?" ಎಂದರು.

"ಐವತ್ತೆಂಟು."

"ಅರವತ್ತು ಬೇಕು."

"ಅರವತ್ತು ಬೇಕು."

ಹೆಂಗಸರೆಲ್ಲ ಅವರ ಮುಖ ನೋಡಿದರು. ಶಂಕ್ರಮ್ಮ ಹಾಳೆ ಇಸಿದುಕೊಂಡು, ಬೆಳಕಿಗೆ ಹಿಡಿದು, ಅನುತ್ತೀರ್ಣ ಎಂಬುದನ್ನು ಅಕ್ಷರ ಅಕ್ಷರ ಓದಿದರು. ಕೊನೆಯ ಗೆರೆಯ ಮೇಲಿನ ಹೆಸರನ್ನೂ ಓದಿದರು. ಆಮೇಲೆ ಒಳಗಿನಿಂದ ಖಾಲಿ ಚೌಕಟ್ಟೊಂದನ್ನು ತಂದರು. ಹಾಳೆಯನ್ನು ಅದರೊಳಗೆ ಸೇರಿಸಿ, ಸ್ಟೂಲು ಹತ್ತಿ, ಬಸವಣ್ಣನ ಪಕ್ಕದ ಆ ಹಳೆಯ ಮೊಳೆಗೆ ತೂಗುಹಾಕಿದರು.

ನನಗೆ ತಡೆಯಲಾಗಲಿಲ್ಲ. "ಫೇಲಾದ್ದನ್ನ ಯಾಕ್ರಿ ಗೋಡೆಗೆ ಹಾಕ್ತೀರಿ? ಬಂದೋರು ನಗಾಡ್ತಾರೆ."

ಶಂಕ್ರಮ್ಮ ಕುಂಕುಮದ ಬಟ್ಟಲಿಗೆ ಬೆರಳು ಅದ್ದಿದರು.

"ಮೊದಲಿಂದು ಪಾಸಾಗಿತ್ತು. ನೀನೇ ಬಂದು ಕಿತ್ಕಂಡು ಹೋದೆ" ಎಂದರು. "ಇದನ್ನ ಯಾರೂ ಕಿತ್ಕಂಡು ಹೋಗಾಕೆ ಬರಲ್ಲ."

ಬೊಟ್ಟನ್ನು ನನ್ನ ಸಹಿಯ ಪಕ್ಕ ಒತ್ತಿ ಸ್ಟೂಲಿನಿಂದ ಇಳಿದರು.